ಕಡಲು ಕಾಣುವ ಕೋಣೆ

ಆ ಹೋಟೆಲನ್ನು ಆರಿಸಿದ್ದು ನಾದಿನಿ. ಒಂದು ದಿನದಲ್ಲಿ ಆರಿಸಿದ್ದಲ್ಲ. ಮೂರು ತಿಂಗಳು ಪ್ರತಿ ಸಂಜೆ ಊಟದ ಮೇಜಿನ ತುದಿಯಲ್ಲಿ ಕನ್ನಡಕ ಏರಿಸಿಕೊಂಡು ಕೂತು, ಫೋನಿನ ಪರದೆಯನ್ನು ಬೆರಳಿನಲ್ಲಿ ಎಳೆದೆಳೆದು, ಅಳೆದೂ ಸುರಿದೂ ಕೊನೆಗೆ ಅದೊಂದರ ಮೇಲೆ ಬೆರಳಿಟ್ಟಿದ್ದಳು. ಚಿತ್ರದಲ್ಲಿ ಗೋಡೆಯಗಲದ ಕಿಟಕಿ, ಕಿಟಕಿಯ ತುಂಬ ಸಮುದ್ರ. ಕೆಳಗೆ, ಕಡಲು ಕಾಣುವ ಕೋಣೆ ಎಂಬ ಮಾತು. ಬೆಲೆ ಕೈಗೆಟಕುವಂಥದ್ದು.

ನಾದಿನಿ ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟವಳು. ಕಪ್ಪು ಹಲಗೆಯ ಮೇಲೆ ಒಂದು ದೊಡ್ಡ ಸೊನ್ನೆ, ಒಂದು ಚಿಕ್ಕ ಸೊನ್ನೆ ಬರೆದು, ದೊಡ್ಡದರ ಸುತ್ತ ನೀರು ಉಬ್ಬಿದಂತೆ ಗೆರೆ ಎಳೆದು, ಚಂದ್ರ ಎಳೆದರೆ ಸಮುದ್ರ ಏಳುತ್ತದೆ ಮಕ್ಕಳೇ ಎಂದು ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಪಾಠದ ಪುಸ್ತಕದಲ್ಲಿ ಪರದೇಶದ ಒಂದು ದಂಡೆಯ ಪ್ರಸ್ತಾಪವಿತ್ತು. ಅಲ್ಲಿ ಇಳಿತದ ಹೊತ್ತಿಗೆ ಸಮುದ್ರ ಕಣ್ಣಿಗೆ ಕಾಣದಷ್ಟು ಹಿಂದೆ ಸರಿಯುತ್ತದೆ, ಆರು ಗಂಟೆಯಲ್ಲಿ ಮರಳಿ ಬಂದು ಗೋಡೆಗೆ ಬಡಿಯುತ್ತದೆ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವಳು ಮೊದಲು ಹೇಳಿದ ಮಾತೇ, ಅದನ್ನು ನೋಡಬೇಕು ಎಂದು.

ಅವಳ ಅಣ್ಣ ನಕ್ಕುಬಿಟ್ಟಿದ್ದ. ಬಸ್ ನಿಲ್ದಾಣದಲ್ಲಿ ಸರಿಯಾದ ಬಸ್ಸು ಹತ್ತಲು ಬಾರದವಳು ಸಮುದ್ರ ದಾಟುತ್ತಾಳಂತೆ, ಬೇಕಿದ್ದರೆ ಪ್ರವಾಸದ ಕಂಪನಿಯವರ ಜೊತೆ ಹೋಗಲಿ, ಅವರು ಕುರಿ ಎಣಿಸಿದ ಹಾಗೆ ಎಣಿಸಿ ಕರೆದುಕೊಂಡು ಬರುತ್ತಾರೆ ಎಂದಿದ್ದ. ಕೆಟ್ಟವನಲ್ಲ, ತಂಗಿಯೆಂದರೆ ಪ್ರಾಣ. ಆದರೆ ಇದೇ ನಗುವನ್ನು ನಲವತ್ತು ವರ್ಷದಿಂದ ನಗುತ್ತಿದ್ದ.

ಅತ್ತಿಗೆ ಆಗ ಅಡುಗೆಮನೆಯಿಂದಲೇ, ಜೊತೆಗೆ ತಾನು ಹೋಗುವುದಾಗಿಯೂ, ವಿಮಾನ, ವೀಸಾ, ಹೋಟೆಲು ಎಲ್ಲ ಅವಳೇ ನೋಡಿಕೊಳ್ಳಲಿ ಎಂದೂ ಹೇಳಿದಳು. ಗಂಡ ಹುಬ್ಬೇರಿಸಿದ. ತನ್ನ ಹೆಂಡತಿಯ ಬಾಯಲ್ಲಿ 'ಬೇರೆಯವರು ನೋಡಿಕೊಳ್ಳಲಿ' ಎಂಬ ಮಾತನ್ನು ಅವನು ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಕೇಳದಿರುವುದೂ ಸರಿಯೇ. ಅತ್ತಿಗೆ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ವಿಭಾಗವನ್ನು ಮೂವತ್ತೊಂದು ವರ್ಷ ನಡೆಸಿದವಳು. ದಿನಕ್ಕೆ ಎಂಟುನೂರು ಹಾಸುಬಟ್ಟೆ, ಅಷ್ಟೇ ದಿಂಬುಗವಸು, ಶಸ್ತ್ರಚಿಕಿತ್ಸೆಯವರ ಹಸಿರು ನಿಲುವಂಗಿ. ಯಾವ ವಾರ್ಡಿನಿಂದ ಬಂದ ಗಂಟು ಎಂಬುದನ್ನು ಬಿಚ್ಚದೆಯೇ ಮೂಸಿ ಹೇಳುತ್ತಿದ್ದಳು. ಸರ್ಜನ್ನರೂ ಅವಳೆದುರು ದನಿ ತಗ್ಗಿಸುತ್ತಿದ್ದರು. ಮನೆಯಲ್ಲಿಯೂ ಅದೇ ದರಬಾರು. ಅವಳು ಸೊಸೆಯಾಗಿ ಬಂದಾಗ ನಾದಿನಿಗೆ ಹದಿನಾಲ್ಕು. ಜಡೆ ಹೆಣೆದವಳು ಇವಳು, ಕಾಲೇಜಿಗೆ ಸೇರಿಸಿದವಳು ಇವಳು, ಮದುವೆ ಒಲ್ಲೆ ಎಂದಾಗ ಅಣ್ಣನ ಬಾಯಿ ಮುಚ್ಚಿಸಿದವಳೂ ಇವಳೇ. ಹಾಗೆಯೇ ಯಾವ ಸೀರೆಗೆ ಯಾವ ರವಿಕೆ ಎಂದು ಇಂದಿಗೂ ಹೇಳುವವಳೂ ಇವಳೇ. ಗಂಡ ಬಸ್ಸಿನ ಮಾತಾಡಿ ನಕ್ಕಾಗ ಅತ್ತಿಗೆಗೆ ಚುರುಕ್ಕೆಂದದ್ದು ಅದಕ್ಕೇ. ಸರಿಯಾದ ಬಸ್ಸು ಹತ್ತಲು ಯಾರಾದರೂ ಬಿಟ್ಟಿದ್ದರೆ ತಾನೇ?

ಹೀಗೆ ಇಬ್ಬರೂ ಒಂದು ಮಧ್ಯಾಹ್ನ ಆ ಊರಿನಲ್ಲಿ ಇಳಿದು, ಹೋಟೆಲಿನ ಬಾಗಿಲು ತಳ್ಳಿದರು.

ಲಿಫ್ಟಿನ ಬಾಗಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಕೌಂಟರಿನವನು ತಲೆ ಎತ್ತದೆ ಪಾಸ್‌ಪೋರ್ಟು ತೆಗೆದುಕೊಂಡು, ತಲೆ ಎತ್ತದೆ ಬೀಗದ ಕೈ ಕೊಟ್ಟು, ನಾಲ್ಕನೆಯ ಮಹಡಿ ಎಂದ. ಪೆಟ್ಟಿಗೆಗಳನ್ನು ಮೆಟ್ಟಿಲು ಮೆಟ್ಟಿಲಿಗೂ ಎತ್ತಿಟ್ಟು ಏರಿ, ಏದುಸಿರು ಬಿಡುತ್ತ ಕೋಣೆ ತೆರೆದರೆ, ಎರಡು ಮಂಚ. ಒಂದು ಎತ್ತರ, ಒಂದು ತಗ್ಗು, ಗಂಡ ಹೆಂಡತಿ ಮಾತು ಬಿಟ್ಟು ನಿಂತ ಹಾಗೆ. ನಲ್ಲಿ ತೊಟ್ಟಿಕ್ಕುತ್ತಿತ್ತು. ನಾದಿನಿ ಬ್ಯಾಗನ್ನೂ ಇಳಿಸದೆ ನೇರ ಕಿಟಕಿಗೆ ಹೋಗಿ ಪರದೆ ಸರಿಸಿದಳು.

ಎದುರಿಗೆ ಗೋಡೆ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಸುಣ್ಣ ಕಾಣದ ಗೋಡೆ. ಅದರ ಮೇಲೆ ಮೂರು ಕೊಳಾಯಿ ಪೈಪು ಮೇಲಿನಿಂದ ಕೆಳಗೆ ಇಳಿದಿದ್ದವು.

ಸಮುದ್ರವೂ ಇತ್ತು. ಮಂಚದ ಮೇಲ್ಗಡೆ ಚೌಕಟ್ಟಿನೊಳಗೆ, ನೀಲಿ ಬಣ್ಣದಲ್ಲಿ, ಒಂದು ದೋಣಿ ಸಮೇತ ನೇತುಹಾಕಿದ್ದರು.

ಅತ್ತಿಗೆಯ ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು. ನಾದಿನಿಯ ಬೆನ್ನು ನೋಡಿ ಕಚ್ಚಿಕೊಂಡಳು. ಆ ಬೆನ್ನು ಅಲುಗಲಿಲ್ಲ. ಬಹಳ ಹೊತ್ತಾದ ಮೇಲೆ ನಾದಿನಿ ಪರದೆ ಎಳೆದು ತಿರುಗಿ, "ಕೋಣೆ ತಂಪಾಗಿದೆ ಅಲ್ವಾ ಅತ್ತಿಗೆ?" ಎಂದಳು.

"ತಂಪಾಗಿದೆ" ಎಂದಳು ಅತ್ತಿಗೆ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅಣ್ಣ, ಅದೂ ವಿಡಿಯೋ ಕರೆ. ತಲುಪಿದಿರಾ, ತಿಂದಿರಾ ಎಲ್ಲ ಆಗಿ, ಎಲ್ಲಿ ನಿನ್ನ ಸಮುದ್ರ ತೋರಿಸು ಎಂದು ಕೇಳಿದ. ಫೋನು ಹಿಡಿದ ನಾದಿನಿಯ ಕೈ ಕೋಣೆಯಲ್ಲಿ ಒಂದು ಸುತ್ತು ತಿರುಗಿ, ಹೋಗಲು ಜಾಗವಿಲ್ಲದೆ, ಚೌಕಟ್ಟಿನ ಸಮುದ್ರದ ಮುಂದೆ ನಿಂತಿತು. ಬೇಕೆಂದು ಮಾಡಿದಳೋ ಕೈ ತಾನಾಗಿ ಹೋಯಿತೋ, ಅವಳಿಗೇ ಗೊತ್ತಿರಲಿಕ್ಕಿಲ್ಲ.

ಅಣ್ಣ ಕಣ್ಣು ಕಿರಿದು ಮಾಡಿದ. "ಏನೇ ಇದು, ಅಲೆ ಅಲ್ಲಾಡ್ತಾನೇ ಇಲ್ಲ?"

ಅತ್ತಿಗೆ ಪಕ್ಕದಿಂದ ತಲೆ ತೂರಿಸಿ, "ನೆಟ್‌ವರ್ಕ್ ಸರಿ ಇಲ್ಲ ರೀ, ಎಲ್ಲಾ ನಿಂತು ನಿಂತು ಬರ್ತಿದೆ. ಆಮೇಲೆ ಮಾಡ್ತೀವಿ" ಎಂದು ಕೆಂಪು ಗುಂಡಿ ಒತ್ತಿಬಿಟ್ಟಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ನಕ್ಕವಳು ಅತ್ತಿಗೆ. ನಾದಿನಿಯೂ ನಕ್ಕಳು, ಆದರೆ ಅರ್ಧದಲ್ಲೇ ನಿಲ್ಲಿಸಿ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ಬೇರೆ ಹೋಟೆಲಿಗೆ ಹೋಗೋಣ ಎನ್ನುವಂತಿಲ್ಲ, ಐದು ದಿನದ ಹಣ ಮುಂಚೆಯೇ ಕಟ್ಟಿಯಾಗಿದೆ, ಹಿಂದಿರುಗಿಸುವುದಿಲ್ಲ ಎಂಬ ಸಣ್ಣಕ್ಷರವನ್ನು ಅವಳೇ ಓದಿ ಒಪ್ಪಿದ್ದಳು.

ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಬಾಗಿಲ ಕಡೆ ಹೆಜ್ಜೆ ಇಟ್ಟಳು. ಆ ಹೆಜ್ಜೆ ಯಾವುದೆಂದು ನಾದಿನಿಗೆ ಚೆನ್ನಾಗಿ ಗೊತ್ತು. ಆಸ್ಪತ್ರೆಯ ಗುತ್ತಿಗೆದಾರರಿಗೂ ಗೊತ್ತಿತ್ತು.

"ಅತ್ತಿಗೆ, ನೀವು ಹೋಗಬೇಡಿ. ಬುಕ್ ಮಾಡಿದ್ದು ನಾನು. ನಾನೇ ಮಾತಾಡ್ತೀನಿ."

"ಅವನು ತಲೇನೇ ಎತ್ತಲ್ಲ ಕಣೆ ಟೀಚರಮ್ಮ."

"ಎತ್ತದಿದ್ರೆ ಎತ್ತಿಸ್ತೀನಿ."

ಹೋದಳು. ಹತ್ತು ನಿಮಿಷ ಬಿಟ್ಟು ಎರಡು ಸೋಪು ಹಿಡಿದುಕೊಂಡು ಬಂದಳು. ಕೋಣೆ ಬದಲಿಸಿ ಎಂದು ಕೇಳಿದ್ದಕ್ಕೆ, ಮುಂಭಾಗದ ಕೋಣೆಗಳು ಮುಚ್ಚಿವೆ ಎಂದವನು ಡ್ರಾಯರಿನಿಂದ ಇವನ್ನು ತೆಗೆದುಕೊಟ್ಟನಂತೆ. ಕಡಲು ಕೇಳಲು ಹೋಗಿ ಸೋಪು ತಂದ ನಾದಿನಿಗೆ ಅತ್ತಿಗೆ ಏನೂ ಹೇಳಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡವಳಿಗೆ ಕೈಗಾದರೂ ಕೆಲಸ ಬೇಕಲ್ಲ. ಹಾಸುಬಟ್ಟೆ ಎಳೆದು ಮೂಗಿಗೆ ಹಿಡಿದಳು. ಕೊಳೆಯಲ್ಲ, ಒಗೆದದ್ದೇ. ಆದರೆ ಪೂರ್ತಿ ಒಣಗುವ ಮುನ್ನ ಮಡಚಿ ಒಂದರ ಮೇಲೊಂದು ಪೇರಿಸಿದ್ದಾರೆ, ಅದಕ್ಕೇ ಈ ಮುಗ್ಗಲು ವಾಸನೆ. ಎರಡನ್ನೂ ಬಿಚ್ಚಿ ಕುರ್ಚಿಗಳ ನಡುವೆ ಹರವಿದಳು, ಹಾಸಿಗೆ ಮಗುಚಿದಳು, ತಗ್ಗಿನ ಮಂಚವನ್ನು ಅತ್ತ ದೂಡಿ ನಡುವೆ ಓಡಾಡಲು ದಾರಿ ಮಾಡಿದಳು. ತೊಟ್ಟಿಕ್ಕುವ ನಲ್ಲಿಯ ಬಾಯಿಗೆ ಒಂದು ದಾರ ಕಟ್ಟಿ ಇಳಿಬಿಟ್ಟಾಗ ನೀರು ದಾರ ಹಿಡಿದು ಸದ್ದಿಲ್ಲದೆ ಇಳಿಯತೊಡಗಿತು. ಸಂಜೆಯ ಹೊತ್ತಿಗೆ ಕೋಣೆ ಕೋಣೆಯಂತಾಯಿತು. ಸಮುದ್ರವೊಂದನ್ನು ಮಾತ್ರ ಅವಳಿಂದ ತರಲಾಗಲಿಲ್ಲ.

ಮರುದಿನ ಬೆಳಿಗ್ಗೆ ದಂಡೆಗೆ ಹೋದರು. ಇಳಿತದ ಹೊತ್ತು. ಸಮುದ್ರ ನಿಜಕ್ಕೂ ಇರಲಿಲ್ಲ. ಒದ್ದೆ ನೆಲ ಹೊಳೆಯುತ್ತ ಆಕಾಶದ ಅಂಚಿನವರೆಗೂ ಚಾಚಿತ್ತು. ದೋಣಿಗಳು ಹೊಟ್ಟೆ ಮೇಲೆ ವಾಲಿ ಮಲಗಿದ್ದವು. ಅತ್ತಿಗೆ ಬಾಯಿ ತೆರೆದು ನಿಂತಳು. ಇಷ್ಟೊಂದು ನೀರು ಎಲ್ಲಿಗೆ ಹೋಯಿತು ಎಂದು ಕೇಳಿದರೆ, ನಾದಿನಿ, ಬರುತ್ತೆ ಅತ್ತಿಗೆ ಎಂದಷ್ಟೇ ಹೇಳಿದಳು. ಜೀವಮಾನವೆಲ್ಲ ಕಾದ ನೋಟ ಕಣ್ಣೆದುರು ಬಿದ್ದುಕೊಂಡಿದೆ, ಇವಳು ಹೋಟೆಲಿನ ಕಡೆ ಮುಖ ಮಾಡಿ ಯಾವ ಕಿಟಕಿ ಯಾವುದು ಎಂದು ಎಣಿಸುತ್ತಿದ್ದಾಳೆ. ನೀರು ಬರುವವರೆಗೆ ಕೂರೋಣ ಎಂದರೂ ಒಪ್ಪಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರಳೇ ಅಂತಾರೆ, ನೀನು ನೀರಿಗೇ ಬಂದು ನೀರು ನೋಡದೆ ಹೋಗ್ತಿದೀಯಲ್ಲೇ ಎಂದು ಅತ್ತಿಗೆ ರೇಗಿಸಿದಳು. ನಾದಿನಿ ನಗಲಿಲ್ಲ.

ಆ ದಿನ ಇನ್ನೂ ಎರಡು ಸಲ ಕೌಂಟರಿಗೆ ಹೋಗಿಬಂದಳು. ಒಮ್ಮೆ ಬಟ್ಟೆ ತೂಗುಹಾಕುವ ಹ್ಯಾಂಗರು ಸಿಕ್ಕಿತು. ಇನ್ನೊಮ್ಮೆ ಒಂದು ಪುಟ್ಟ ಫ್ಯಾನು. ಅತ್ತಿಗೆ ಮೆಟ್ಟಿಲ ತುದಿಯವರೆಗೆ ಹೋಗಿ, ಕೈ ಕಟ್ಟಿ ನಿಂತು, ಮತ್ತೆ ಒಳಗೆ ಬಂದಳು. ಎಂಟುನೂರು ಹಾಸುಬಟ್ಟೆ ಎಣಿಸಿದ ಜೀವಮಾನದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಾದಿನಿ ಸ್ನಾನಕ್ಕೆ ಹೋದಾಗ ಅತ್ತಿಗೆ ಕಾರಿಡಾರಿಗೆ ಬಂದಳು. ಅಲ್ಲಿ ಕೋಣೆ ಚೊಕ್ಕ ಮಾಡುವ ಹೆಂಗಸು ಗಾಲಿಬಂಡಿ ತಳ್ಳಿಕೊಂಡು ಬರುತ್ತಿದ್ದಳು. ಐವತ್ತರ ಆಸುಪಾಸು, ಸೊಂಟಕ್ಕೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡಿದ್ದಾಳೆ. ಅತ್ತಿಗೆ ಬಂಡಿಯ ಮೇಲಿನ ಹಾಸುಬಟ್ಟೆಯೊಂದನ್ನು ಎತ್ತಿ, ಮಡಿಕೆಯ ಒಳಗೆ ಅಂಗೈ ತೂರಿಸಿ, ತೇವ ಎಂಬಂತೆ ಬೆರಳು ಉಜ್ಜಿ ತೋರಿಸಿದಳು. ಆ ಹೆಂಗಸು ಬೈಗುಳ ನಿರೀಕ್ಷಿಸಿ ಮುಖ ಗಂಟು ಹಾಕಿಕೊಂಡಳು. ಅತ್ತಿಗೆ ಬೈಯಲಿಲ್ಲ. ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಕೊಡವಿ, ಗಾಳಿಯಲ್ಲೇ ಮೂರು ಮಡಿಕೆ ಮಾಡಿ ಅವಳ ಕೈಗಿಟ್ಟಳು. ಹೆಂಗಸು ಆ ಮಡಿಕೆ ನೋಡಿದಳು, ಆಮೇಲೆ ಮುಖ ನೋಡಿದಳು. ಕಸುಬಿಗೆ ಕಸುಬಿನ ಗುರುತು ಹತ್ತಲು ಭಾಷೆ ಬೇಕಾಗಲಿಲ್ಲ. ಕೈ ಬೀಸಿ ಬಾ ಎಂದು ಕರೆದಳು.

ನೆಲಮಾಳಿಗೆಯಲ್ಲಿ ಒಗೆಯುವ ಕೋಣೆ. ಒಣಗಿಸುವ ಯಂತ್ರ ಎರಡು. ಒಂದರ ಬಾಗಿಲು ತೆರೆದು ಬಿದ್ದಿತ್ತು, ಒಳಗೆ ಪೊರಕೆ, ಬಕೆಟ್ಟು ಸಂಸಾರ ಹೂಡಿದ್ದವು. ಇನ್ನೊಂದು ಕತ್ತಿನವರೆಗೆ ತುಂಬಿಕೊಂಡು ನರಳುತ್ತಿತ್ತು. ಹೆಂಗಸು ಕೆಟ್ಟ ಯಂತ್ರದ ಕಡೆ ಇಲ್ಲವೆಂದು ಕೈಯಾಡಿಸಿ, ನಡೆಯುವುದರ ಕಡೆ ಒಂದು ಬೆರಳು, ತನ್ನ ಎದೆ ಮುಟ್ಟಿ ಇನ್ನೊಂದು ಬೆರಳು ತೋರಿಸಿದಳು. ನಡೆಯುವ ಯಂತ್ರ ಒಂದು, ಕೆಲಸದವಳು ಒಬ್ಬಳು. ಆಮೇಲೆ ಮೂಲೆಯಲ್ಲಿ ಒದ್ದೆಯಾಗಿಯೇ ರಾಶಿಬಿದ್ದ ದೊಡ್ಡ ಹಾಸುಬಟ್ಟೆಗಳನ್ನು ತೋರಿಸಿ, ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ, ಎರಡನೆಯ ಮಹಡಿಗೆ ಕರೆದೊಯ್ದು ಒಂದು ಬಾಗಿಲು ತೆರೆದಳು.

ಚಿತ್ರದಲ್ಲಿದ್ದ ಅದೇ ಕೋಣೆ. ಗೋಡೆಯಗಲದ ಕಿಟಕಿ. ದೊಡ್ಡ ಜೋಡಿಮಂಚದ ಮೇಲೆ ಹಾಸಿಗೆ ಬರಿಮೈಯಲ್ಲಿ ಬಿದ್ದಿತ್ತು. ಅಂಥವು ಆರು ಕೋಣೆ. ದೊಡ್ಡ ಬಟ್ಟೆ ಒಣಗುವುದಿಲ್ಲ, ಹಾಸಲು ಆಳಿಲ್ಲ, ಅದಕ್ಕೇ ಬೀಗ. ಯಾರದೋ ಮೋಸವಿರಬೇಕು ಎಂದುಕೊಂಡಿದ್ದ ಅತ್ತಿಗೆಗೆ ನಗು ಬಂತು. ಇಷ್ಟೇ ಸಂಗತಿ, ಅವಳ ಆಸ್ಪತ್ರೆಯಲ್ಲಿ ಮಳೆಗಾಲವೆಂದರೆ ಪ್ರತಿ ವಾರದ ಗೋಳು.

ಮತ್ತೆ ಕೆಳಗೆ ಬಂದು ಸೀರೆ ಎತ್ತಿ ಕಟ್ಟಿದಳು. ಯಂತ್ರ ನಿಲ್ಲಿಸಿ ಅರ್ಧ ಬಟ್ಟೆ ಹೊರಗೆಳೆದಳು. ಹೊಟ್ಟೆ ಬಿರಿಯೆ ತುಂಬಿದರೆ ಯಾವ ಯಂತ್ರಕ್ಕೂ ಜೀರ್ಣವಾಗುವುದಿಲ್ಲ. ಎರಡು ಸಲ ಅರ್ಧರ್ಧ ಹಾಕಿದರೆ ಒಂದು ಸಲ ಪೂರ್ತಿ ಹಾಕಿದ್ದಕ್ಕಿಂತ ಬೇಗ ಒಣಗುತ್ತದೆ. ಬಿಸಿ ಇರುವಾಗಲೇ ಕೊಡವಿ, ಹಿಂದಿನ ಮೆಟ್ಟಿಲ ಕಂಬಿಯ ಮೇಲೆ ಗಾಳಿಗೆ ಹಾಕಿ, ಆರಿದ ಮೇಲೆ ಮಡಚುವುದು. ಇಬ್ಬರೂ ಎರಡೆರಡು ತುದಿ ಹಿಡಿದು ಎಳೆದು ಕೊಡವುತ್ತಿದ್ದರೆ ಬಟ್ಟೆ ಪಟ್ ಪಟ್ ಎಂದು ಸದ್ದು ಮಾಡುತ್ತಿತ್ತು. ಅತ್ತಿಗೆಗೆ ಈ ಪ್ರವಾಸದಲ್ಲಿ ಮೊದಲ ಸಲ ಮೈ ಹಗುರಾಯಿತು. ಹನ್ನೊಂದು ಗಂಟೆಗೆ ಎರಡು ದೊಡ್ಡ ಹಾಸುಬಟ್ಟೆ, ನಾಲ್ಕು ದಿಂಬುಗವಸು ಗರಿಗರಿಯಾಗಿ ಸಿದ್ಧವಾದವು. ಆ ಹೆಂಗಸು ಒಂದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

ನೆಲಮಾಳಿಗೆಯ ಮೆಟ್ಟಿಲು ಹತ್ತಿದರೆ ಕೌಂಟರು ಅಲ್ಲೇ, ಹತ್ತು ಹೆಜ್ಜೆಯಲ್ಲಿ. ಬಟ್ಟೆ ಹೊತ್ತು ನೇರ ಹೋಗಿ ಎರಡು ಮಾತಾಡಿದರೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಅತ್ತಿಗೆ ಆ ಹತ್ತು ಹೆಜ್ಜೆ ಇಡಲಿಲ್ಲ. ನಾಲ್ಕು ಮಹಡಿ ಹತ್ತಿ ಕೋಣೆಗೆ ಹೋದಳು.

ಎಲ್ಲ ಕೇಳಿಸಿಕೊಂಡ ನಾದಿನಿ ಮೊದಲು ಕೇಳಿದ್ದು ಒಂದೇ. "ಅವನ ಹತ್ರ ಮಾತಾಡಿಬಿಟ್ರಾ?"

"ಇಲ್ಲ. ಆ ಕಡೆ ತಲೇನೂ ಹಾಕಿಲ್ಲ. ಬಟ್ಟೆ ನನ್ನ ಕೆಲಸ, ಮಾಡಿದೀನಿ. ಕೋಣೆ ನಿಂದು."

ನಾದಿನಿ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಕನ್ನಡಿಯ ಮುಂದೆ ನಿಂತು ಸೀರೆಯ ನೆರಿಗೆ ಸರಿಮಾಡಿಕೊಂಡು, ಶಾಲೆಗೆ ಹೊರಡುವವಳ ಹಾಗೆ ಹೊರಟಳು.

ಅತ್ತಿಗೆ ಮೆಟ್ಟಿಲಿನ ತಿರುವಿನಲ್ಲಿ ನಿಂತು ಕೇಳಿದಳು. ಅವನದು ಮುರುಕು ಇಂಗ್ಲಿಷ್, ಇವಳದು ಮೇಷ್ಟ್ರ ಇಂಗ್ಲಿಷ್. ಮುಂಭಾಗ ಮುಚ್ಚಿದೆ ಎಂದು ಅವನು ಹಳೆಯ ರಾಗ ತೆಗೆದ. ನಾದಿನಿ ಫೋನಿನ ಚಿತ್ರವನ್ನು ಅವನ ಮುಂದಿಟ್ಟಳು.

"ಈ ಕಿಟಕಿ ಯಾವ ಮಹಡಿಯದು?"

ಅವನು ಉತ್ತರಿಸಲಿಲ್ಲ. ನಾದಿನಿಯೂ ಮತ್ತೆ ಕೇಳಲಿಲ್ಲ. ತರಗತಿಯಲ್ಲಿ ಅವಳು ಉತ್ತರ ಹೇಳದ ಮಕ್ಕಳನ್ನು ಎಂದೂ ಬೈದವಳಲ್ಲ, ಕಾಯುತ್ತಿದ್ದಳು. ಆ ಕಾಯುವಿಕೆಗೆ ಎಂಥ ತುಂಟನೂ ಸೋಲುತ್ತಿದ್ದ. ಗೋಡೆಯ ಗಡಿಯಾರ ಕೇಳಿಸುವಷ್ಟು ಹೊತ್ತು ಕಳೆದ ಮೇಲೆ ಅವನು ತಲೆ ಎತ್ತಿದ.

"ಎರಡನೆಯದು."

"ಕೋಣೆ ಕೆಟ್ಟಿದೆಯಾ?"

"ಇಲ್ಲ."

"ಯಾರಾದರೂ ಇದ್ದಾರಾ?"

"ಇಲ್ಲ. ಹಾಸೋಕೆ ಒಣಬಟ್ಟೆ ಇಲ್ಲ ಮೇಡಂ, ಕೆಲಸದವರೂ ಇಲ್ಲ."

"ಬಟ್ಟೆ ಒಣಗಿ ಕೂತಿದೆ, ಹೋಗಿ ನೋಡಿ. ಹಾಸೋಕೆ ನಾವಿಬ್ಬರಿದ್ದೀವಿ. ಈಗ ಹೇಳಿ, ಇನ್ನೇನು ಅಡ್ಡಿ?"

ಯಜಮಾನರನ್ನು ಕೇಳಬೇಕು ಎಂದ. ಕೇಳಿ ಎಂದಳು. ಯಜಮಾನರು ಫೋನು ಎತ್ತಲಿಲ್ಲ. ನಾಳೆ ನೋಡೋಣ ಎಂದ. ನಾದಿನಿ ಗೋಡೆ ಬದಿಯ ಕುರ್ಚಿಯನ್ನು ತಾನೇ ಎಳೆದುತಂದು, ಕೌಂಟರಿನ ಎದುರಿಗೆ ನಟ್ಟನಡುವೆ ಹಾಕಿ, ಮಡಿಲಲ್ಲಿ ಕೈ ಜೋಡಿಸಿ ಕೂತಳು. ಸಿಟ್ಟಿಲ್ಲ, ದನಿ ಏರಿಸಲಿಲ್ಲ. ಬಂದವರು ಹೋದವರೆಲ್ಲ ಆ ಸೀರೆಯುಟ್ಟ ಹೆಂಗಸನ್ನು ಬಳಸಿಕೊಂಡು ಓಡಾಡಬೇಕಾಯಿತು. ಪ್ರತಿಯೊಬ್ಬರೂ ಅವಳನ್ನು ನೋಡಿ ಆಮೇಲೆ ಅವನನ್ನು ನೋಡುತ್ತಿದ್ದರು. ಅಷ್ಟರಲ್ಲಿ ಕೆಳಗಿನಿಂದ ಚೊಕ್ಕ ಮಾಡುವ ಹೆಂಗಸು ಗರಿಗರಿ ಬಟ್ಟೆಗಳನ್ನು ಎತ್ತಿಕೊಂಡು ಬಂದು ಕೌಂಟರಿನ ಮೇಲೆ ಇಟ್ಟು, ಅವರ ಭಾಷೆಯಲ್ಲಿ ಚುಟುಕಾಗಿ ಏನೋ ಹೇಳಿದಳು. ಏನು ಹೇಳಿದಳೋ, ಅವನ ಕಿವಿ ಕೆಂಪಗಾಯಿತು. ಇಪ್ಪತ್ತೈದನೆಯ ನಿಮಿಷಕ್ಕೆ ಬೀಗದ ಕೈ ಕೊಟ್ಟ. ಕೊಟ್ಟದ್ದಷ್ಟೇ ಅಲ್ಲ, ನಾಲ್ಕನೆಯ ಮಹಡಿಯಿಂದ ಎರಡೂ ಪೆಟ್ಟಿಗೆಗಳನ್ನು ತಾನೇ ಹೊತ್ತು ತಂದ. ಲಿಫ್ಟಿನ ವಿಷಯ ತನ್ನ ಕೈಯಲ್ಲಿಲ್ಲ ಮೇಡಂ, ಎಂಟು ತಿಂಗಳಿಂದ ಯಜಮಾನರಿಗೆ ಹೇಳುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡ. ಪಾಪ, ಅವನಿಗೂ ಬೇಸತ್ತು ಹೋಗಿತ್ತು.

ಹೊಸ ಕೋಣೆಯಲ್ಲಿ ಇಬ್ಬರೂ ಎರಡು ಕಡೆ ನಿಂತು ಹಾಸುಬಟ್ಟೆ ಹಾರಿಸಿ ಹಾಸಿದರು. ಮೂಲೆಯನ್ನು ಲಕೋಟೆಯಂತೆ ಮಡಚಿ ಒಳಗೆ ಸೇರಿಸುವುದನ್ನು ಅತ್ತಿಗೆ ತೋರಿಸಿದಳು. ನಾದಿನಿಯ ಮೂಲೆ ಸ್ವಲ್ಪ ಸೊಟ್ಟಗಾಯಿತು. ಅತ್ತಿಗೆಯ ಕೈ ಅದನ್ನು ಸರಿಪಡಿಸಲು ಮುಂದೆ ಹೋಗಿ, ನಡುವೆಯೇ ನಿಂತು, ದಿಂಬು ತಟ್ಟಲು ಹೋಯಿತು.

ಅಣ್ಣನಿಗೆ ನಾದಿನಿಯೇ ಕರೆ ಮಾಡಿದಳು. ಗೋಡೆ, ಪೈಪು, ಸೋಪು, ಮೊದಲ ದಿನ ತೋರಿಸಿದ ಸಮುದ್ರ ಯಾವುದು, ಎಲ್ಲ ಒಂದೂ ಬಿಡದೆ ಹೇಳಿದಳು. ಅಲ್ಲಿಂದ ನಗು ಬಂತು. ನಾನು ಮೊದಲೇ ಹೇಳಿದ್ದೆ, ಕಂಪನಿಯವರ ಜೊತೆ ಹೋಗಿದ್ದರೆ ಎಂದು ಅವನು ಶುರು ಮಾಡುವಷ್ಟರಲ್ಲಿ ಅವಳು ತಡೆದಳು.

"ಅಣ್ಣಾ, ಕೇಳು. ಹೋಟೆಲು ಆರಿಸೋದ್ರಲ್ಲಿ ತಪ್ಪು ಮಾಡಿದೆ, ನಿಜ. ತಪ್ಪನ್ನ ಸರಿ ಮಾಡಿದ್ದೂ ನಾನೇ. ಅತ್ತಿಗೇನ ಬೇಕಾದ್ರೆ ಕೇಳು. ಇನ್ನು ಬಸ್ಸಿನ ಕಥೆ ಸಾಕು."

ಅಣ್ಣ, ಹೌದೇನೇ ಎಂದು ಹೆಂಡತಿಯನ್ನು ಕೇಳಿದ. ಹೌದು, ಕೌಂಟರಿನ ಕಡೆ ನಾನು ಒಂದು ಹೆಜ್ಜೆಯನ್ನೂ ಇಟ್ಟಿಲ್ಲ ಎಂದಳು ಅತ್ತಿಗೆ. ನಲವತ್ತಾರು ವರ್ಷ ಸಂಸಾರ ಮಾಡಿದವನಿಗೆ ಆ ಮಾತಿನ ತೂಕ ಗೊತ್ತಾಗದೆ ಇರಲಿಲ್ಲ. "ಸರಿ ಮಹರಾಯ್ತಿ, ಸರಿ" ಎಂದ, ಈ ಸಲ ನಗದೆ. ಇನ್ನೂ ಏನೋ ಕೇಳಲು ಹೊರಟಿದ್ದ, ನಾದಿನಿ ನೀರು ಬರುವ ಹೊತ್ತಾಯಿತು ಎಂದು ಫೋನಿಟ್ಟಳು.

ನಿಜಕ್ಕೂ ಬರುತ್ತಿತ್ತು. ಮೊದಲು ದೂರದಲ್ಲಿ ಒಂದು ಬೆಳ್ಳಿಗೆರೆ. ನೋಡುತ್ತಿದ್ದ ಹಾಗೆ ಗೆರೆ ದಪ್ಪಗಾಯಿತು, ಒಡೆದು ಹತ್ತಾರು ನಾಲಗೆಯಾಗಿ ತಗ್ಗುಗಳಲ್ಲಿ ಹರಿದು ಬಂತು. ವಾಲಿ ಮಲಗಿದ್ದ ದೋಣಿಗಳು ಒಂದೊಂದಾಗಿ ಮೈಮುರಿದು ಎದ್ದು ನಿಂತವು. ನಾದಿನಿ ಕಿಟಕಿಯ ಕಟ್ಟೆ ಹಿಡಿದು ನಿಂತಿದ್ದಳು. ಕೆಳಗಿನ ಕಲ್ಲುಗೋಡೆಗೆ ಮೊದಲ ಅಲೆ ಬಡಿದು ಕಿಟಕಿಯ ಗಾಜು ಸಣ್ಣಗೆ ನಡುಗಿದಾಗ ಅವಳು ಅತ್ತಿಗೆಯ ಮುಂಗೈ ಹಿಡಿದುಕೊಂಡಳು.

ಅತ್ತಿಗೆ ಬಹಳ ಹೊತ್ತು ನೋಡಿದಳು. ಇಷ್ಟು ವರ್ಷ ಊಟದ ಮೇಜಿನಲ್ಲಿ ನಾದಿನಿ ಇದೇ ವಿಷಯ ತೆಗೆದಾಗಲೆಲ್ಲ ಅವಳು ಸಾರು ಬಡಿಸುತ್ತಲೋ ನಾಳೆಯ ಲೆಕ್ಕ ಹಾಕುತ್ತಲೋ ಹೂಂಗುಟ್ಟಿದ್ದಳು. ಒಮ್ಮೆಯೂ ಕಿವಿಗೊಟ್ಟಿರಲಿಲ್ಲ.

"ಅಲ್ಲ ಕಣೆ, ಚಂದ್ರ ಎಳೆಯೋದು ಈ ಕಡೆಯಿಂದ ತಾನೇ? ಹಾಗಿದ್ರೆ ಭೂಮಿಯ ಆ ಕಡೆ ನೀರು ಯಾಕೆ ಉಬ್ಬುತ್ತೆ?"

ನಾದಿನಿ ತಿರುಗಿ ನೋಡಿದಳು. ಮೂವತ್ತನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ತಾನಾಗಿ ಕೇಳಿದ ಮಕ್ಕಳು ಮೂವರೋ ನಾಲ್ವರೋ. ಅವಳು ಕುರ್ಚಿ ಎಳೆದುಕೊಟ್ಟು, ಕೂತ್ಕೊಳ್ಳಿ ಅತ್ತಿಗೆ, ಇದು ಐದು ನಿಮಿಷದಲ್ಲಿ ಮುಗಿಯೋ ಮಾತಲ್ಲ ಎಂದು, ಬ್ಯಾಗಿನಲ್ಲಿ ಪೆನ್ನು ಹುಡುಕತೊಡಗಿದಳು.